ಕಡಲ ಸೀಮೆಗೆ ಹಸಿಮರದ ಗಾಲಿ

ನಾನು ಸಮುದ್ರ ನೋಡಿದ್ದು ಒಂದೇ ಸಲ. ಆಮೇಲೆ ಮಂಗಳೂರಿಗೆ ಹೋಗುವ ಸಂದರ್ಭ ಬಂತು, ಮದರಾಸಿನಿಂದ ಮದುವೆಯೊಂದಕ್ಕೆ ಕರೆ ಬಂತು, ಎರಡಕ್ಕೂ ಏನೋ ನೆಪ ಹೇಳಿ ತಪ್ಪಿಸಿಕೊಂಡೆ. ನನಗೆ ನೀರು ಕಂಡರೆ ಭಯ ಅಂತ ಮೊಮ್ಮಕ್ಕಳು ಅಂದುಕೊಂಡಿವೆ. ಲಕ್ಷ್ಮಣತೀರ್ಥ ದಡ ಮೀರಿ ಹರಿಯುವಾಗ ಈಜಿ ಆಚೆ ದಡ ಮುಟ್ಟಿದವನು ನಾನು, ಭಯ ಎಲ್ಲಿಂದ ಬಂತು? ನನಗೆ ಬರುವುದು ಸಿಟ್ಟು. ಸಮುದ್ರದ್ದೇನೂ ತಪ್ಪಿಲ್ಲ ಪಾಪ, ಅದು ತನ್ನ ಪಾಡಿಗೆ ಚೆನ್ನಾಗಿಯೇ ಇತ್ತು. ಅದರ ಆಸೆ ತೋರಿಸಿ ನನ್ನ ಒಡಹುಟ್ಟಿದ ಅಣ್ಣ ನನಗೆ ಮೋಸ ಮಾಡಿದ. ಇಷ್ಟು ವರ್ಷವಾದರೂ ಅದು ನನ್ನ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ಹುಣಸೂರಿನಲ್ಲಿ ನಮ್ಮದು ಗಾಡಿ ಮಾಡುವ ಮನೆ. ಆಗ ಮಹಾರಾಜರ ಕಾಲ. ಮೈಸೂರಿಗೆ ಬಸ್ಸು ಓಡುತ್ತಿತ್ತು ನಿಜ, ಆದರೆ ರಾಗಿ, ಹೊಗೆಸೊಪ್ಪು, ಮರದ ದಿಮ್ಮಿ, ಮದುವೆಯ ದಿಬ್ಬಣ ಎಲ್ಲ ಸಾಗುತ್ತಿದ್ದದ್ದು ಎತ್ತಿನ ಗಾಡಿಯಲ್ಲೇ. ಪಿರಿಯಾಪಟ್ಟಣದ ಕಡೆಯವರು, ಕಾಡಂಚಿನ ಕೋಟೆ ತಾಲ್ಲೂಕಿನವರು ನಮ್ಮ ಕೆಲಸದ ಚಪ್ಪರದ ಮುಂದೆ ಬೀಡಿ ಸೇದುತ್ತಾ, ತಮ್ಮ ಗಾಡಿ ಯಾವಾಗ ಆಗುತ್ತದೆ ಅಂತ ಕೇಳುತ್ತಾ ಕೂತಿರುತ್ತಿದ್ದರು. ಮನೆಯಲ್ಲಿ ಉರ್ದು ಕನ್ನಡ ಎರಡೂ ಕಲಸಿಹೋಗಿದ್ದವು. ಅಮ್ಮ ಕಟ್ಟೆಮಳಲವಾಡಿಯಲ್ಲಿ ಒಕ್ಕಲು ಮಕ್ಕಳ ನಡುವೆ ಬೆಳೆದವಳು. ಬಯ್ಯುವುದಾದರೂ ಸೈ, ಮುದ್ದು ಮಾಡುವುದಾದರೂ ಸೈ, ಅವಳಿಗೆ ಹಳ್ಳಿ ಕನ್ನಡವೇ ಬಾಯಿಗೆ ಬರುತ್ತಿತ್ತು. ಅವಳಿಂದ ನಮಗೂ ಅದೇ ಅಂಟಿತು.

ನಮ್ಮಪ್ಪ ಗಾಲಿಯ ಕೆಲಸಕ್ಕೆ ಹೆಸರಾದವರು. ಕಡಿದ ಮರವನ್ನು ಅವರು ಕೂಡಲೇ ಉಳಿಗೆ ಕೊಡುತ್ತಿರಲಿಲ್ಲ. ಜಾಲಿ, ದಿಂಡಿಗದ ತುಂಡುಗಳನ್ನು ಮೊದಲು ಕೆರೆಯ ಕೆಸರಿನಲ್ಲಿ ಒಂದು ಮಳೆಗಾಲ ಪೂರ್ತಿ ಹೂತಿಡಬೇಕು. ಮರದ ಹಸಿರಸ ಇಳಿದುಹೋಗಿ ಮೈ ಕಪ್ಪಾಗಬೇಕು. ಆಮೇಲೆ ಎತ್ತಿ ಅಟ್ಟದ ನೆರಳಿನಲ್ಲಿ ವರ್ಷಗಟ್ಟಲೆ ಒಣಗಿಸಬೇಕು. ಅವಸರಕ್ಕೆ ಹಸಿಮರದಲ್ಲಿ ಗಾಲಿ ಕಟ್ಟಿದರೆ ಬಣ್ಣ ಬಳಿದ ದಿನ ಮದುವೆ ಹೆಣ್ಣಿನ ಹಾಗೆ ಮಿರಮಿರ ಮಿಂಚುತ್ತದೆ. ಬಿಸಿಲಿನಲ್ಲಿ ಓಡಾಡಿದ ಮೇಲೆ ಮರ ಕುಗ್ಗಿ, ಸುತ್ತ ಬಿಗಿದ ಕಬ್ಬಿಣದ ಪಟ್ಟಿ ಸಡಿಲವಾಗಿ, ಒಂದಲ್ಲ ಒಂದು ದಿನ ಗಾಡಿ ಹೊಡೆಯುವವನನ್ನೇ ನೆಲಕ್ಕೆ ಕೆಡವುತ್ತದೆ.

ಗಾಡಿ ಒಪ್ಪಿಸುವುದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕೊಂಡವರ ಮನೆಗೆ ಗಾಡಿಯನ್ನು ನಮ್ಮವರೇ ಹೊಡೆದುಕೊಂಡು ಹೋಗಬೇಕು. ಅಲ್ಲಿ ನಾಲ್ಕು ಜನರ ಎದುರಿಗೆ ಗಾಲಿಯ ಮೇಲೆ ಬಲಗೈ ಇಟ್ಟು, "ಈ ಮರಕ್ಕೆ ನಾನು ಹೊಣೆ" ಅಂತ ಹೇಳಬೇಕು. ಅದಕ್ಕೆ ನಾವು ಜಬಾನು ಕೊಡುವುದು ಅನ್ನುತ್ತಿದ್ದೆವು. ಆ ಮಾತು ಕೈ ಇಟ್ಟವನ ಸ್ವಂತದ್ದು. ಗಾಲಿ ಕೆಟ್ಟರೆ ಅಂಗಡಿಯನ್ನು ಯಾರೂ ಬಯ್ಯುತ್ತಿರಲಿಲ್ಲ, ಮನೆತನವನ್ನೂ ಆಡಿಕೊಳ್ಳುತ್ತಿರಲಿಲ್ಲ. ಕೈ ಇಟ್ಟವನ ಹೆಸರು ಹೋಗುತ್ತಿತ್ತು. ಅಂಥವನು ಆಮೇಲೆ ಬದುಕಿರುವ ತನಕ ಯಾರ ಗಾಡಿಯ ಮೇಲೂ ಕೈ ಇಡುವಂತಿರಲಿಲ್ಲ. ಕೂಲಿಗೆ ಮರ ಕೊಯ್ದುಕೊಂಡು ಇರಬೇಕಾಗಿತ್ತು. ಪಕ್ಕದ ಬೀದಿಯಲ್ಲಿ ಅಂಥವರೊಬ್ಬರು ಇದ್ದರು. ಅವರು ಎದುರು ಬಂದರೆ ಅಪ್ಪ ಸಲಾಮು ಹೇಳುತ್ತಿದ್ದರು, ಆದರೆ ನಿಂತು ಮಾತಾಡುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಚಪ್ಪರದ ಕೆಲಸ ಅಣ್ಣನ ಕೈಗೆ ಬಂತು. ನಾನು ಇಪ್ಪತ್ತು ದಾಟಿದವನು, ಮದುವೆಯಾಗಿರಲಿಲ್ಲ, ಇನ್ನೂ ಒಂದು ಸಲವೂ ಜಬಾನು ಕೊಟ್ಟಿರಲಿಲ್ಲ. ಆ ಸಮಯಕ್ಕೆ ಮಲೆಯಾಳದ ಕಡಲ ಸೀಮೆಯಿಂದ ಒಂದು ಗಾಡಿಗೆ ಹೇಳಿಕೆ ಬಂತು. ಹೇಳಿಕಳಿಸಿದವರು ಕೊಬ್ಬರಿ ವ್ಯಾಪಾರದ ಒಬ್ಬ ಮಾಪಿಳ್ಳೆ, ಅಂದರೆ ಮಲೆಯಾಳಿ ಮುಸಲ್ಮಾನ ಸಾಹುಕಾರರು. ನಾನು ಚಿಕ್ಕವನಿದ್ದಾಗ ಹುಣಸೂರು ಸಂತೆಗೆ ಎತ್ತು ಕೊಳ್ಳಲು ಬಂದು, ಅಪ್ಪನ ಕೈಯಲ್ಲಿ ಒಂದು ಗಾಡಿ ಮಾಡಿಸಿಕೊಂಡು ಹೋಗಿದ್ದರು. ಅದರ ಮೇಲುಕಟ್ಟು, ಅಂದರೆ ಗಾಲಿಯ ಮೇಲಿನ ಮರದ ಚೌಕಟ್ಟು, ಉಪ್ಪುಗಾಳಿಗೆ ಲಡ್ಡಾಗಿದೆಯಂತೆ, ಅದೇ ಮನೆಯಿಂದ ಅದೇ ಥರದ್ದು ಇನ್ನೊಂದು ಬೇಕಂತೆ. ಇಂಥದೊಂದು ಹೇಳಿಕೆ ಬಂದೇ ಬರುತ್ತದೆ ಅಂತ ಅಪ್ಪ ಸಾಯುವ ಮೊದಲೇ ಒಂದು ಜೊತೆ ಗಾಲಿಗಾಗುವಷ್ಟು ಮರವನ್ನು ಅಟ್ಟದಲ್ಲಿ ಬೇರೆ ಎತ್ತಿಟ್ಟಿದ್ದರು. ಆ ಮರವನ್ನು ಕೆರೆಯಿಂದ ಎತ್ತುವಾಗ ಸೊಂಟದ ತನಕ ಕೆಸರಿನಲ್ಲಿ ಅಪ್ಪನ ಜೊತೆ ನಿಂತವನು ನಾನು. ಅಣ್ಣ ದಡದ ಮೇಲೆ ನಿಂತು ಹುಷಾರು ಹುಷಾರು ಅನ್ನುತ್ತಿದ್ದ.

"ನೀನೇ ಓಗ್ಬಾ ಕಣ್ಲಾ," ಅಂದ ಅಣ್ಣ. "ಸಮುದ್ರ ಸಮುದ್ರ ಅಂತ ಉಚ್ಚನಂಗೆ ಬಡ್ಕತಿದ್ದಲ್ಲ. ನೋಡ್ಕಂಡು, ಜಬಾನು ಕೊಟ್ಟು, ನಿಧಾನ್ವಾಗಿ ಬಾ. ಇಲ್ಲಿ ನಾನಿದ್ದೀನಿ."

ನಾನು ಕುಣಿದಾಡಿಬಿಟ್ಟೆ. ಸಾಮಾನ್ಯವಾಗಿ ಒಂದು ಬೀಡಿ ಕೊಡುವುದಕ್ಕೂ ಮುಖ ಗಂಟಿಕ್ಕುವ ಅಣ್ಣ ಅವತ್ತು ಯಾಕೆ ಇಷ್ಟು ಧಾರಾಳಿಯಾದ ಅಂತ ಒಂದು ಗಳಿಗೆ ಯೋಚಿಸಿದ್ದರೆ ಸಾಕಾಗಿತ್ತು. ಯೋಚಿಸಲಿಲ್ಲ. ಗಾಡಿಯ ಮೇಲಿನ ಕಮಾನಿಗೆ ಒಳ್ಳೆ ಬಿದಿರು ಬೇಕು ಅಂತ ನನ್ನನ್ನು ಎನ್. ಬೇಗೂರಿನ ಕಡೆಗೆ ಅಟ್ಟಿದ. ಈಗಿನ ಕೇರಳದ ಗಡಿಯ ಹತ್ತಿರದ ಊರು, ಹೋಗಿ ಬರುವುದೆಂದರೆ ಸುಲಭವಲ್ಲ. ಬಿದಿರು ಹೊತ್ತು ತಿರುಗಿ ಬರುವಷ್ಟರಲ್ಲಿ ಗಾಲಿ ಕಟ್ಟಿ, ಪಟ್ಟಿ ಬಿಗಿದು, ಕೆಂಪು ಹಸಿರು ಬಣ್ಣವನ್ನೂ ಬಳಿದು ಮುಗಿಸಿದ್ದ. ಅಷ್ಟು ಚುರುಕಾಗಿ ಅವನು ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಗಾಲಿಯ ಮರ ಒಣಗಿದೆಯೋ ಇಲ್ಲವೋ ತಿಳಿಯಲು ಕೊಡತಿಯಲ್ಲಿ ಒಂದು ಏಟು ಹಾಕಿದರೆ ಸಾಕು. ಒಣಮರ ಟಣ್ ಅನ್ನುತ್ತದೆ, ಹಸಿಮರ ದೊಪ್ ಅನ್ನುತ್ತದೆ. ಆದರೆ ಹಿರಿಯರು ಕಟ್ಟಿದ ಗಾಲಿಗೆ ಕಿರಿಯವನು ಕೊಡತಿ ಮುಟ್ಟಿಸಬಾರದು ಅನ್ನುವುದು ನಮ್ಮ ಚಪ್ಪರದ ಮರ್ಯಾದೆ. ಮುಟ್ಟಿಸಿದರೆ ಅವರ ಮುಖಕ್ಕೆ ಹೊಡೆದ ಹಾಗೆ. ಅಪ್ಪ ಇರುವ ತನಕ ಅಣ್ಣ ಅಪ್ಪನ ಗಾಲಿಯನ್ನು ಹಾಗೆ ಪರೀಕ್ಷೆ ಮಾಡಿರಲಿಲ್ಲ, ನಾನು ಅಣ್ಣನದನ್ನು ಮಾಡಲಿಲ್ಲ. ಅಮ್ಮ ರೊಟ್ಟಿ, ಹುರಿಗಾಳು, ಉಪ್ಪಿನಕಾಯಿ ಕಟ್ಟಿಕೊಟ್ಟಳು. ಬಿಸ್ಮಿಲ್ಲಾ ಹೇಳಿ ಎತ್ತುಗಳ ಹಣೆ ಸವರಿದಳು. ಗಾಡಿ ಬೀದಿಯ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ, ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಮಗ ದೂರ ಹೋಗುತ್ತಿದ್ದಾನಲ್ಲ ಅಂತ ಸಂಕಟ ಅಂದುಕೊಂಡೆ.

ಪಿರಿಯಾಪಟ್ಟಣ ದಾಟಿ, ಕೊಡಗು ದಾಟಿ, ಘಟ್ಟ ಇಳಿದೆ. ಘಟ್ಟದ ಕಾಡಿನಲ್ಲಿ ಒಬ್ಬನೇ ಇರುವುದು ಹೇಗೆ ಅಂತ ಅಂಜಿಕೆ ಇತ್ತು. ಹಿಂದೆ ಮುಂದೆ ಬೇರೆ ಗಾಡಿಗಳು ಇದ್ದದ್ದರಿಂದ ಏನೂ ಅನಿಸಲಿಲ್ಲ. ಕೆಳಗೆ ಇಳಿದ ಮೇಲೆ ಅವರೆಲ್ಲ ತಮ್ಮ ತಮ್ಮ ದಾರಿ ಹಿಡಿದರು. ಅಲ್ಲಿಂದ ಮುಂದೆ ನಾನು, ನನ್ನ ಎರಡು ಎತ್ತು, ಮೈಗೆಲ್ಲ ಬೆವರು.

ತಲಚೇರಿಯ ಹತ್ತಿರ ದಾರಿ ಒಂದು ದಿಬ್ಬ ಏರಿ ಇಳಿಯಿತು ನೋಡಿ, ತೆಂಗಿನ ಮರಗಳ ಸಂದಿಯಲ್ಲಿ ನೀಲಿಯಾಗಿ ಏನೋ ಕಂಡಿತು. ಮೊದಲು ಆಕಾಶ ಅಂದುಕೊಂಡೆ. ಆಕಾಶದ ಮೇಲೆ ದೋಣಿ ಹೋಗುತ್ತಿತ್ತು! ಗಾಡಿ ನಿಲ್ಲಿಸಿ, ಎತ್ತು ಬಿಚ್ಚಿ, ಹುಚ್ಚನ ಹಾಗೆ ಮರಳಿನ ಮೇಲೆ ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ, ಆಮೇಲೆ ಹುಡುಕಿದರೆ ಒಂದೇ ಸಿಕ್ಕಿತು. ಉಪ್ಪು ಅಂತ ಎಲ್ಲರೂ ಹೇಳಿದ್ದರೂ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಅಂತ ಉಗಿದೆ. ಬಲೆ ಸರಿಪಡಿಸುತ್ತಿದ್ದ ಮುದುಕನೊಬ್ಬ ನಗುತ್ತಾ ಮಲೆಯಾಳದಲ್ಲಿ ಏನೋ ಅಂದ. ನಾನೂ ನಕ್ಕೆ. ಅವನು ಬಯ್ದಿದ್ದರೂ ನಗುತ್ತಿದ್ದೆನೇನೋ, ಅಷ್ಟು ಖುಷಿ ಇತ್ತು.

ಅಲ್ಲಿಂದ ದಕ್ಷಿಣಕ್ಕೆ ದಾರಿ ಸಮುದ್ರದ ಪಕ್ಕದಲ್ಲೇ ಹೋಗುತ್ತದೆ. ಒಮ್ಮೊಮ್ಮೆ ತೆಂಗಿನ ತೋಟದ ಹಿಂದೆ ಮರೆಯಾಗಿ, ಸದ್ದು ಮಾತ್ರ ಕೇಳಿಸುತ್ತದೆ. ಮತ್ತೆ ಎದುರಿಗೇ ಬಂದು ನಿಲ್ಲುತ್ತದೆ. ಹೆಂಗಸರು ಹಿನ್ನೀರಿನ ದಡದಲ್ಲಿ ಕೊಳೆಸಿದ ತೆಂಗಿನ ಸಿಪ್ಪೆಯನ್ನು ಬಡಿದು ನಾರು ಬಿಡಿಸುತ್ತಿದ್ದರು. ಮರಳಿನ ಮೇಲೆ ಚಾಪೆ ಹಾಸಿ ಮತ್ತಿ ಮೀನು ಒಣಗಿಸಿದ್ದರು, ಅದರ ನಾತಕ್ಕೆ ನನ್ನ ಎತ್ತುಗಳು ಮುಂದೆ ಹೆಜ್ಜೆ ಇಡಲಾರೆ ಅಂತ ನಿಂತುಬಿಟ್ಟವು. ಅವುಗಳ ಮೂತಿಗೆ ಹಸಿ ಹುಲ್ಲು ಹಿಡಿದು ಹಿಮ್ಮುಖವಾಗಿ ನಡೆಯುತ್ತಾ ದಾಟಿಸಿದೆ. ನಡುವೆ ಮಯ್ಯಳಿ ಅಂತ ಒಂದು ಊರು, ಅಲ್ಲಿ ಫ್ರೆಂಚರ ಸರ್ಕಾರ. ಮಹಾರಾಜರ ಸೀಮೆ ಬಿಟ್ಟು ಇಂಗ್ಲಿಷರ ಸೀಮೆಗೆ ಬಂದಿದ್ದೇ ನನಗೆ ದೊಡ್ಡದಾಗಿತ್ತು. ಈಗ ಅದಕ್ಕೂ ಹೊರಗೆ ಬಂದೆ. ಊರು ನೋಡಿದರೆ ಅಷ್ಟೇ ತೆಂಗಿನ ಮರ, ಅಷ್ಟೇ ಮೀನು. ಆದರೂ ಎದೆ ಉಬ್ಬಿಸಿ ಗಾಡಿಯ ಮೇಲೆ ನಿಂತುಕೊಂಡೇ ಹೊಡೆದೆ. ಹುಣಸೂರಿಗೆ ಹೋಗಿ ಹೇಳುವಾಗ ಯಾರೂ ನಂಬುವುದಿಲ್ಲ ಅಂತ ನನ್ನಷ್ಟಕ್ಕೇ ನಗುತ್ತಿದ್ದೆ.

ಚಹಾದ ಅಂಗಡಿಗಳಲ್ಲಿ ಅಕ್ಕಿಹಿಟ್ಟಿನ ಪುಟ್ಟು ಕೊಡುತ್ತಿದ್ದರು, ತಿಂದೆ. ಮುದ್ದೆ ಇಲ್ಲದೆ ಹೊಟ್ಟೆ ತುಂಬಿದ ಹಾಗೇ ಅನಿಸಲಿಲ್ಲ. ಸಂಜೆ ಗಾಡಿಯ ಕೆಳಗೆ ಗೋಣಿ ಹಾಸಿ ಅಲೆಗಳ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಸೂರ್ಯ ನೀರಿನಲ್ಲಿ ಮುಳುಗುವುದನ್ನು ನೋಡುತ್ತಾ ಅಣ್ಣನ ಬಗ್ಗೆ ಯೋಚಿಸುತ್ತಿದ್ದೆ. ಅಪ್ಪ ಹೋದ ಮೇಲೆ ಅವನ ಮೇಲೆ ಏನೇನೋ ಸಿಟ್ಟು ಇಟ್ಟುಕೊಂಡಿದ್ದೆ, ಅದೆಲ್ಲ ನನ್ನ ಸಣ್ಣತನ ಅನಿಸಿತು. ಇಂಥಾದ್ದನ್ನು ನೋಡಲಿ ಅಂತ ನನ್ನನ್ನು ಕಳಿಸಿದನಲ್ಲ. ಅವನ ಮಕ್ಕಳಿಗೆ ಕವಡೆ, ಶಂಖು ಆರಿಸಿ ಒಂದು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡೆ. ಈಗ ನೆನೆಸಿಕೊಂಡರೆ ಬೇರೆ ಎಲ್ಲಕ್ಕಿಂತ ಆ ಕವಡೆ ಆರಿಸಿದ್ದೇ ನನಗೆ ಹೆಚ್ಚು ಉರಿಸುತ್ತದೆ.

ಮಯ್ಯಳಿ ದಾಟಿದ ಮೇಲೆ ಎಡಗಾಲಿಯಲ್ಲಿ ಕಟಕಟ ಅಂತ ಸದ್ದು ಶುರುವಾಯಿತು. ಎಲ್ಲೋ ಕಲ್ಲು ಸಿಕ್ಕಿಕೊಂಡಿದೆ ಅಂತ ಇಳಿದು ನೋಡಿದೆ, ಕಲ್ಲು ಇರಲಿಲ್ಲ. ಕೀಲೆಣ್ಣೆ ಬಿಟ್ಟೆ, ಹೋಗಲಿಲ್ಲ. ಮಾರನೆಯ ದಿನ ಬಲಗಾಲಿಯೂ ದನಿ ಸೇರಿಸಿತು. ಹೊಸ ಗಾಡಿ, ಕೀಲು ಕೂರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಾಡಿ ಮಾಡುವವನ ಮಗನಾಗಿ ಅದು ಎಂಥ ಸದ್ದು ಅಂತ ನನ್ನ ಕಿವಿಗೆ ಗೊತ್ತಿತ್ತು. ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ.

ವಡಕರೆ ಕಳೆದು ಒಂದು ಹೊಳೆ. ಆಗ ಅದಕ್ಕೆ ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ, ಗಾಡಿಯನ್ನು ಅದರ ಮೇಲೆ ಹತ್ತಿಸಿ ದಾಟಿಸುತ್ತಿದ್ದರು. ದೋಣಿಯವರು ನಾಲ್ಕು ಜನ ಗಾಡಿಯನ್ನು ತಳ್ಳಿ ಹಲಗೆಯ ಮೇಲೆ ಹತ್ತಿಸುವಾಗ ಎಡಗಾಲಿಯ ಕಬ್ಬಿಣದ ಪಟ್ಟಿ ಒಂದು ಕಡೆಯಿಂದ ಜಾರಿ ಹೊರಗೆ ಬಂತು. ಕೈಬಳೆ ಕಳಚುವಷ್ಟು ಸುಲಭವಾಗಿ ಬಂತು. ನಾನು ಕೂಗಿಕೊಂಡೆ. ಅವರು ಗಾಡಿಯನ್ನು ಹಿಂದಕ್ಕೆ ಇಳಿಸಿ, ದಡದಲ್ಲೇ ಇದ್ದ ಒಬ್ಬ ಕಮ್ಮಾರನನ್ನು ಕರೆದರು.

ಕಮ್ಮಾರ ಪಟ್ಟಿಗೂ ಮರಕ್ಕೂ ನಡುವೆ ಬೆಣೆ ಹೊಡೆಯಲು ನೋಡಿದ. ಬೆಣೆ ಮರದೊಳಗೇ ಮೆತ್ತಗೆ ಇಳಿಯಿತು. ಅವನು ಹುಬ್ಬು ಗಂಟಿಕ್ಕಿ, ಉಳಿಯ ತುದಿಯಿಂದ ಬಣ್ಣ ಹೆರೆದ. "ಪಚ್ಚ," ಅಂದ. ಹಸಿ ಅಂತ. ಅವನು ಹೇಳುವ ಮೊದಲೇ ನನ್ನ ಕಣ್ಣಿಗೆ ಕಂಡಿತ್ತು. ಬಣ್ಣದ ಕೆಳಗೆ ಬೆಳ್ಳಗಿನ ಮರ, ಕೈ ಇಟ್ಟರೆ ತಣ್ಣಗೆ. ಕೆರೆಯ ಕೆಸರು ಕಂಡ ಮರ ಕಪ್ಪಗಿರುತ್ತದೆ. ಇದು ಕೆರೆಯನ್ನೂ ಕಂಡಿಲ್ಲ, ಅಟ್ಟವನ್ನೂ ಕಂಡಿಲ್ಲ. ಉಳಿ ಕಸಿದುಕೊಂಡು ಬಲಗಾಲಿಯನ್ನೂ ಹೆರೆದೆ. ಗಾಲಿಯ ನಡುವಿನ ಅಡ್ಡಗಳು, ಆ ಅರೆಕಾಲುಗಳನ್ನೂ ಒಂದೊಂದಾಗಿ ಹೆರೆದೆ. ಅಪ್ಪನ ಮರದ ಒಂದು ಚೂರೂ ಎಲ್ಲೂ ಇರಲಿಲ್ಲ.

ಹೊಳೆಯ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಒಂದೊಂದೇ ನೆನಪಾಗತೊಡಗಿತು. ಬಿದಿರಿಗೆ ನನ್ನನ್ನು ದೂರ ಅಟ್ಟಿದ್ದು, ನಾನು ಬರುವ ಮೊದಲು ಬಣ್ಣ ಬಳಿದದ್ದು, ನೀನೇ ಓಗ್ಬಾ ಅಂದದ್ದು. ನಾಳೆ ಆ ಸಾಹುಕಾರರ ಅಂಗಳದಲ್ಲಿ, ಅವರ ಊರಿನವರ ಎದುರು, ಈ ಗಾಲಿಯ ಮೇಲೆ ಕೈ ಇಟ್ಟು ಹೊಣೆ ಅನ್ನಬೇಕಾದವನು ನಾನು. ಅಣ್ಣ ಬರಲಿಲ್ಲ. ಬಂದಿದ್ದರೆ ಅವನೇ ಕೈ ಇಡಬೇಕಾಗಿತ್ತು. ನನಗೆ ಅಳು ಬಂತು, ಅತ್ತೆ. ಎದುರಿಗೇ ಸಮುದ್ರ ಫಳಫಳ ಹೊಳೆಯುತ್ತಿತ್ತು. ಮುಚ್ಚು ಬಾಯಿ ಅಂತ ಅದಕ್ಕೆ ಬಯ್ದೆ.

ಕಮ್ಮಾರ ಪಟ್ಟಿಯನ್ನು ಕಾಯಿಸಿ, ಸ್ವಲ್ಪ ಕಿರಿದು ಮಾಡಿ ಮತ್ತೆ ಹಾಕಿಕೊಟ್ಟ. ಸ್ವಲ್ಪ ಹೊತ್ತಿಗೆ ಸಾಕು ಅಂತ ಕೈಸನ್ನೆಯಲ್ಲಿ ಹೇಳಿದ. ಬಣ್ಣ ಹೆರೆದ ಗಾಡಿಯನ್ನು ನಿಧಾನವಾಗಿ, ಪಕ್ಕದಲ್ಲಿ ನಡೆಯುತ್ತಾ ಹೊಡೆದುಕೊಂಡು ಹೋಗಿ ಮಾರನೆಯ ದಿನ ಆ ಮನೆ ಮುಟ್ಟಿದೆ.

ಸಾಹುಕಾರರು ತೀರಾ ಮುದುಕರಾಗಿದ್ದರು. ಅಪ್ಪ ತೀರಿಕೊಂಡ ಸುದ್ದಿ ಕೇಳಿ ನನ್ನ ಎರಡೂ ಕೈ ಹಿಡಿದುಕೊಂಡರು. ಅವರಿಗೆ ನಮ್ಮ ಪದ್ಧತಿ ನೆನಪಿತ್ತು. ಶುಕ್ರವಾರದ ನಮಾಜು ಮುಗಿಸಿ ನಾಲ್ಕಾರು ಜನರನ್ನು ಮನೆಯ ಅಂಗಳಕ್ಕೆ ಕರೆದುಕೊಂಡು ಬಂದರು. "ನಿಮ್ಮ ತಂದೆ ಇಟ್ಟ ಹಾಗೆ ಕೈ ಇಡಪ್ಪಾ," ಅಂತ ಅವರ ಮುರುಕು ಉರ್ದುವಿನಲ್ಲಿ ಹೇಳಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಇಡುವುದಿಲ್ಲ," ಅಂದೆ. "ಇದು ಹಸಿಮರ. ನಮ್ಮ ಮನೆಯಿಂದ ಮೋಸ ಆಗಿದೆ."

ಯಾರು ಮಾಡಿದರು ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಎದ್ದು ಗಾಲಿಯನ್ನು ಮುಟ್ಟಿ ನೋಡಿ, ತಲೆಯಾಡಿಸಿ, ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಅಪ್ಪ ಮಾಡಿದ ಹಳೆಯ ಗಾಡಿ ಬಿದ್ದಿತ್ತು. ಮೇಲುಕಟ್ಟು ಪುಡಿಪುಡಿ, ಗಾಲಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಅವುಗಳ ಮೇಲೆ ಕೊಡತಿಯಿಂದ ಹೊಡೆದು ನೋಡುವ ಅಗತ್ಯವೇ ಇರಲಿಲ್ಲ. ಅಚ್ಚಿನ ಸಮೇತ ಅವನ್ನು ಕಳಚಿ, ಕೀಲೆಣ್ಣೆ ಹಾಕಿ ಹೊಸ ಮೇಲುಕಟ್ಟಿಗೆ ಕೂರಿಸಿದೆ. ಸಂಜೆಯ ತನಕ ಹಿಡಿಯಿತು. ಅಂಗಳದಲ್ಲಿ ಕಾದಿದ್ದವರೆಲ್ಲರ ಎದುರಿಗೆ ಆ ಗಾಲಿಯ ಮೇಲೆ ಬಲಗೈ ಇಟ್ಟು ಮಾತು ಕೊಟ್ಟೆ. ನನ್ನ ಮೊದಲ ಜಬಾನು ಹೋಗಿ ಬಿದ್ದದ್ದು ಅಪ್ಪನ ಮರದ ಮೇಲೆ. ಹಸಿ ಗಾಲಿಗಳನ್ನು ಅವರ ಮನೆಯವರು ಭತ್ತ ಬೇಯಿಸಲು ಒಲೆಗೆ ಹಾಕಿದರು. ಅವು ಹೊಗೆ ಎಬ್ಬಿಸಿ ಎಲ್ಲರ ಕಣ್ಣಲ್ಲಿ ನೀರು ಬರಿಸಿದವೇ ಹೊರತು ಉರಿಯಲಿಲ್ಲ.

ಎತ್ತುಗಳನ್ನು ಹಿಡಿದುಕೊಂಡು ಅದೇ ದಾರಿಯಲ್ಲಿ ನಡೆದು ಬಂದೆ. ಸಮುದ್ರ ಈಗ ಎಡಗಡೆ ಇತ್ತು. ಆ ಕಡೆ ತಿರುಗಿ ನೋಡಿದ್ದು ನೆನಪಿಲ್ಲ. ಕವಡೆಯ ಗಂಟನ್ನು ಹೊಳೆ ದಾಟುವಾಗ ದೋಣಿಯಿಂದ ಕೆಳಗೆ ಬಿಟ್ಟೆ. ಮಕ್ಕಳು ಏನು ತಪ್ಪು ಮಾಡಿದ್ದವು ಅಂತ ಘಟ್ಟ ಹತ್ತುವಾಗ ಬೇಜಾರಾಯಿತು.

ಅಣ್ಣ ಚಪ್ಪರದಲ್ಲಿ ನೊಗ ಕೆತ್ತುತ್ತಿದ್ದ. "ಒಪ್ಪುಸ್ದ್ಯಾ?" ಅಂದ, ತಲೆ ಎತ್ತದೆ.

"ಅಪ್ಪ ಎತ್ತಿಟ್ಟಿದ್ದ ಮರ ಎಲ್ಲಿ, ಭಾಯಿ?"

ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ. ಅಷ್ಟು ಮರ್ಯಾದೆಯನ್ನೂ ಅವನು ನನಗೆ ಕೊಡಲಿಲ್ಲ. "ಕ್ವಾಟೆ ಕಂಟ್ರಾಕ್ಟ್ರು ಗಾಡಿಗೆ ಆಕ್ದೆ. ಕಾಡಿಂದ ದಿಮ್ಮಿ ಸಾಗ್ಸೋ ಗಾಡಿ, ದಿನಾ ನಮ್ ಕಣ್ಮುಂದೆ ಓಡಾಡ್ತದೆ. ವರ್ಷಾವರ್ಷ ಬರೋ ಗಿರಾಕಿ ಕಣ್ಲಾ. ಘಟ್ಟದ ಕೆಳಗಿನ್ ಮುದ್ಕ ಮತ್ತೆ ಬತ್ತಾನಾ?"

"ನಂಗ್ಯಾಕೆ ಏಳ್ಲಿಲ್ಲ?"

"ಏಳಿದ್ರೆ ನಿನ್ ಮಕ ನೋಡಿದ್ ತಕ್ಷಣ ಅವ್ರಿಗೆ ಗೊತ್ತಾಗೋಗೋದು. ನಿಂಗೇ ತಿಳಿದಿದ್ರೆ ನೀನು ಗಾಲಿ ಮ್ಯಾಲೆ ಕೈ ಮಡಗ್ತಿದ್ಯಾ? ಬುಡು, ಆಗಿದ್ದಾಯ್ತು. ಸಮುದ್ರ ನೋಡ್ದಲ್ಲ."

ಅವನ ಕೈಯಲ್ಲಿ ಉಳಿ ಇತ್ತು, ನನ್ನ ಕೈಯಲ್ಲಿ ಬಾರುಕೋಲು ಇತ್ತು. ಏನೋ ಆಗಿಬಿಡುತ್ತಿತ್ತು. ಅಮ್ಮನಿಗೆ ಹೇಳುತ್ತೇನೆ ಅನ್ನುವ ಚಿಕ್ಕ ಹುಡುಗನ ಹಾಗೆ ಒಳಗೆ ನಡೆದೆ. ಅಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಎಲ್ಲ ಹೇಳಿದೆ. ಅವನನ್ನು ಕರೆದು ಬಯ್ಯುತ್ತಾಳೆ, ಅಪ್ಪನ ಹೆಸರು ಹಿಡಿದು ಅಳುತ್ತಾಳೆ ಅಂತ ಕಾಯುತ್ತಿದ್ದೆ. ಅವಳು ಕೋಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ನಿಂಗೂ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು ಕಣಪ್ಪ."

"ದಾರೀಲಿ ಗಾಲಿ ಗಟ್ಟಿಯಾಗಿದ್ದಿದ್ರೆ ನಾನು ಜಬಾನು ಕೊಟ್ಟುಬುಡ್ತಿದ್ದೆ. ಆಮೇಲೆ ಅದು ಮುರಿದಿದ್ರೆ? ನನ್ ಎಸ್ರು ಓಗ್ತಿತ್ತಲ್ಲಮ್ಮ."

ಅಮ್ಮ ಮಡಕೆಯನ್ನು ಒಲೆಯಿಂದ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಅವನಿಗೆ ಎಂಡ್ರು ಮಕ್ಕಳವ್ರೆ ಕಣಪ್ಪ. ಅವನ ಎಸ್ರು ಓದ್ರೆ ಮನೇನೆ ಓಯ್ತದೆ. ನಿಂಗಿನ್ನೂ ಯಾರಿದ್ದಾರು?"

ಅಣ್ಣ ಕೈಕಾಲು ತೊಳೆದು ಬಂದು ನನ್ನ ಪಕ್ಕದಲ್ಲಿ ಕೂತ. ಯಾವತ್ತೂ ದೊಡ್ಡವನಿಗೇ ಮೊದಲು ಬಡಿಸುವ ಅಮ್ಮ ಅವತ್ತು ಮೊದಲನೇ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದಳು.